ಉರಿಮೂತ್ರದ ಮಾತ್ರೆಯೂ ಹಿಮ್ಮಡಿಯ ನೋವೂ

ಮೂತ್ರ ಮಾಡುವಾಗ ಉರಿ, ಪದೇಪದೇ ಹೋಗಬೇಕೆನಿಸುವುದು, ಕಿಬ್ಬೊಟ್ಟೆಯಲ್ಲಿ ನೋವು. ಇದನ್ನು ವೈದ್ಯರಲ್ಲಿ ಹೇಳಿಕೊಳ್ಳಲು ಅನೇಕರಿಗೆ, ಅದರಲ್ಲೂ ಮಹಿಳೆಯರಿಗೆ ಸಂಕೋಚ. ಹಿಂದೆಂದೋ ಬರೆದುಕೊಟ್ಟ ಚೀಟಿಯನ್ನೇ ಮಗನ ಕೈಯಲ್ಲಿ ಔಷಧದ ಅಂಗಡಿಗೆ ಕಳಿಸುತ್ತಾರೆ. ಬರುವುದು ಎಷ್ಟೋ ಸಲ ನಾರ್‌ಫ್ಲಾಕ್ಸಸಿನ್ ಅಥವಾ ಸಿಪ್ರೊಫ್ಲಾಕ್ಸಸಿನ್. ಎರಡು ದಿನದಲ್ಲಿ ಉರಿ ತಗ್ಗುತ್ತದೆ. ಆಮೇಲೆ ಹಿಮ್ಮಡಿಯ ಹಿಂಬದಿ ನೋಯತೊಡಗಿದರೆ, ಅದಕ್ಕೂ ಮಾತ್ರೆಗೂ ನಂಟಿದ್ದೀತೆಂದು ಯಾರಿಗೂ ಹೊಳೆಯುವುದಿಲ್ಲ.

ನಂಟಿರಬಹುದು. ಫ್ಲೋರೊಕ್ವಿನೊಲೋನ್ ಗುಂಪಿಗೆ ಸೇರಿದ ಈ ಔಷಧಗಳು ಕೆಲವರಲ್ಲಿ ಸ್ನಾಯುರಜ್ಜುವನ್ನು, ಎಂದರೆ ಸ್ನಾಯುವನ್ನು ಮೂಳೆಗೆ ಬಿಗಿದಿರುವ ಗಟ್ಟಿ ಹುರಿಯನ್ನು, ದುರ್ಬಲಗೊಳಿಸುತ್ತವೆ. ಮೀನಖಂಡವನ್ನು ಹಿಮ್ಮಡಿಗೆ ಸೇರಿಸುವ ಹುರಿಗೇ ಪೆಟ್ಟು ಹೆಚ್ಚು. ಅಪರೂಪಕ್ಕೆ ಅದು ಹರಿದೇ ಹೋಗುತ್ತದೆ. 60 ದಾಟಿದವರಲ್ಲಿ, ಉಬ್ಬಸಕ್ಕೋ ಕೀಲುನೋವಿಗೋ ಸ್ಟೆರಾಯ್ಡ್ ಸೇವಿಸುವವರಲ್ಲಿ, ಮೂತ್ರಪಿಂಡದ ತೊಂದರೆಯುಳ್ಳವರಲ್ಲಿ ಅಪಾಯ ಜಾಸ್ತಿ. ಮಾತ್ರೆ ಮುಗಿದು ತಿಂಗಳುಗಳಾದ ಮೇಲೂ ನೋವು ಕಾಣಿಸಿಕೊಳ್ಳಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2008ರಲ್ಲಿ ಈ ಬಗ್ಗೆ ಎಚ್ಚರಿಸಿತು. ಬೇರೆ ಔಷಧವಿರುವಾಗ ಸಾಮಾನ್ಯ ಉರಿಮೂತ್ರಕ್ಕೆ ಇವು ಬೇಡವೆಂದು 2016ರಲ್ಲಿ ಹೇಳಿತು. ಚೀಟಿಯಿಲ್ಲದೆ ಇವನ್ನು ಮಾರಬಾರದೆಂಬ ನಿಯಮ ನಮ್ಮಲ್ಲೂ ಇದೆ. ಅಂಗಡಿಯ ಕಟ್ಟೆಯ ಮೇಲೆ ಅದು ನಡೆಯುವ ಬಗೆ ಬೇರೆ.

ಹಿಮ್ಮಡಿ ನೋವು, ಪಾದಗಳಲ್ಲಿ ಜೋಮು, ಮಂಕು ಕವಿದಂತಾಗುವುದು, ಇವುಗಳಲ್ಲಿ ಯಾವುದು ಕಂಡರೂ ಮುಂದಿನ ಮಾತ್ರೆ ನುಂಗದೆ ವೈದ್ಯರಿಗೆ ತಿಳಿಸಿ. ಸಕ್ಕರೆ ಕಾಯಿಲೆಗೆ ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಲ್ಲಿ ರಕ್ತದ ಸಕ್ಕರೆ ಧಿಡೀರನೆ ಕುಸಿಯಬಹುದು. ಬೆನ್ನುನೋವಿಗೆ ಕೊಡುವ ಟಿಝಾನಿಡಿನ್ ಜೊತೆ ಸಿಪ್ರೊಫ್ಲಾಕ್ಸಸಿನ್ ಕೂಡದು, ರಕ್ತದೊತ್ತಡ ಇಳಿಯುತ್ತದೆ.

ಹಾಗೆಂದು ಬದಲಿ ಔಷಧಗಳು ನಿರಪಾಯವೆಂದಲ್ಲ. ನೈಟ್ರೋಫ್ಯುರಾಂಟೊಯಿನ್ ಓಕರಿಕೆ ತರುತ್ತದೆ, ಊಟದ ಜೊತೆ ನುಂಗಿದರೆ ಕಡಿಮೆ. ಮೂತ್ರ ಕಂದುಬಣ್ಣವಾದರೆ ಗಾಬರಿ ಬೇಡ. ಕೆಮ್ಮು, ಏದುಸಿರು ಬಂದರೆ ಮಾತ್ರ ತಡಮಾಡಬಾರದು. ಮೂತ್ರಪಿಂಡ ಸೋತವರಿಗೆ ಇದು ಸಲ್ಲದು. ಸಲ್ಫಾ ಮಾತ್ರೆಯಿಂದ ಹಿಂದೊಮ್ಮೆ ಮೈಮೇಲೆ ಗಂಧೆ ಎದ್ದಿದ್ದರೆ, ಬಸುರಿಯಾಗಿದ್ದರೆ, ಕೇಳುವ ಮೊದಲೇ ವೈದ್ಯರಿಗೆ ಹೇಳಿಬಿಡಿ.

ಚಳಿಜ್ವರ, ಪಕ್ಕೆನೋವು, ವಾಂತಿ ಸೇರಿಕೊಂಡರೆ ಸೋಂಕು ಮೂತ್ರಪಿಂಡಕ್ಕೆ ಏರಿರಬಹುದು. ಆಗ ವೈದ್ಯರು ಸಿಪ್ರೊಫ್ಲಾಕ್ಸಸಿನ್ನನ್ನೇ ಬರೆದರೆ ಈ ಲೇಖನ ತೋರಿಸಿ ಬೇಡವೆನ್ನಬೇಡಿ; ಅಲ್ಲಿ ಅದರ ಉಪಯೋಗ ಹೆಚ್ಚಿನದು. ಮೂತ್ರದ ಕಲ್ಚರ್ ಪರೀಕ್ಷೆ ಹೇಳಿದ್ದರೆ, ಮೊದಲ ಮಾತ್ರೆ ನುಂಗುವ ಮುನ್ನವೇ ಶೀಶೆ ತುಂಬಿಸಿ ಕೊಡಿ.