ಮೊದಲು ಹುಲಿ ಬರಲಿ, ವ್ಯಾಕರಣ ಆಮೇಲೆ

ಸೆಮಿಸ್ಟರ್ ರಜೆಗೆ ಊರಿಗೆ ಹೋಗಿದ್ದೆ. ಎಂಟನೇ ಕ್ಲಾಸಿನ ತಮ್ಮ ಕನ್ನಡ ಪಠ್ಯಪುಸ್ತಕ ಹಿಡಿದು ಜಗಲಿ ಮೇಲೆ ಕೂತಿದ್ದ. ಒಳಗೆ ಬಟ್ಟೆ ಮಡಚುತ್ತಿದ್ದ ನಾನು ಅವನ ಓದು ಕೇಳಿ ಕೈ ನಿಲ್ಲಿಸಿದೆ. ಒತ್ತಕ್ಷರ ಬಂದಲ್ಲೆಲ್ಲ ತಡವರಿಸುತ್ತಿದ್ದ. ವಾಕ್ಯದ ಕೊನೆ ಮುಟ್ಟುವಷ್ಟರಲ್ಲಿ ಮೊದಲಿನದು ಮರೆತುಹೋಗಿರುತ್ತಿತ್ತು. ‘ಓದಿದ್ದು ಏನು ಅರ್ಥ ಆಯ್ತೋ?’ ಎಂದು ಕೇಳಿದೆ. ‘ಅರ್ಥ ಗೈಡಲ್ಲಿ ಇರುತ್ತಲ್ಲಕ್ಕ’ ಎಂದ.

ನಗು ಬಂತು. ಅದರ ಹಿಂದೆಯೇ ಭಯವೂ ಆಯಿತು. ಯಾಕೆಂದರೆ ಇದೇ ದಾರಿಯಲ್ಲಿ ನಡೆದುಬಂದವಳು ನಾನು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಆಮೇಲೆ ಸೈನ್ಸ್, ಈಗ ಬಿ.ಇ. ಮೊದಲ ಸೆಮಿಸ್ಟರಿನಲ್ಲಿ ಒಂದು ವಿಷಯ ಬ್ಯಾಕ್ ಉಳಿಯಿತು. ಎಲ್ಲರೂ ಇಂಗ್ಲಿಷ್ ಬಾರದ್ದಕ್ಕೆ ಹೀಗಾಯಿತು ಎಂದರು. ನನಗೆ ಗೊತ್ತಿತ್ತು, ಕಾರಣ ಅದಷ್ಟೇ ಅಲ್ಲ. ಒಂದು ಪುಟವನ್ನು ಎಡೆಬಿಡದೆ ಓದಿ ಮುಗಿಸುವ ಅಭ್ಯಾಸವೇ ನನಗೆ ಯಾವ ಭಾಷೆಯಲ್ಲೂ ಇರಲಿಲ್ಲ. ಪ್ರಶ್ನೋತ್ತರ ಬಾಯಿಪಾಠ ಮಾಡಿ ಪಾಸಾದವರಿಗೆ ಪುಟ ಎಂದರೇನೆಂದು ಗೊತ್ತಾಗುವುದು ಕಾಲೇಜಿಗೆ ಬಂದಮೇಲೆಯೇ. ಪ್ಲೇಸ್‌ಮೆಂಟ್ ಪರೀಕ್ಷೆಯಲ್ಲೋ ಬ್ಯಾಂಕ್ ಪರೀಕ್ಷೆಯಲ್ಲೋ ಉದ್ದದ ಪ್ಯಾರಾ ಕಂಡೊಡನೆ ಕಣ್ಣು ಕೆಳಗಿನ ಆಯ್ಕೆಗಳಿಗೆ ಜಾರುತ್ತದಲ್ಲ, ಆ ಜಾರುವಿಕೆ ಶುರುವಾಗಿದ್ದು ಇಂಥದೇ ಜಗಲಿಯಲ್ಲಿ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿ ನಮ್ಮದು ಮಧುಗಿರಿ ಶೈಕ್ಷಣಿಕ ಜಿಲ್ಲೆ. ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ನಮ್ಮದು ಎಷ್ಟನೇ ಸ್ಥಾನ ಎಂಬುದೇ ಮಾತು. ವಿಶೇಷ ತರಗತಿ, ಪಾಸಿಂಗ್ ಪ್ಯಾಕೇಜ್, ಮಾದರಿ ಪ್ರಶ್ನೆಪತ್ರಿಕೆ ಎಲ್ಲವೂ ಇವೆ. ಕತೆಪುಸ್ತಕ ಮಾತ್ರ ಈ ಪಟ್ಟಿಯಲ್ಲಿಲ್ಲ. ‘ಕತೆಗಿತೆ ಎಲ್ಲ ಎಸ್ಸೆಸ್ಸೆಲ್ಸಿ ಆದಮೇಲೆ’ ಎನ್ನುವುದು ಅಪ್ಪನ ಮಾತು. ಅಪ್ಪನದೊಬ್ಬರದೇ ಅಲ್ಲ, ನಮ್ಮ ಬೀದಿಯ ಎಲ್ಲ ಅಪ್ಪಂದಿರ ಮಾತು.

ತಮ್ಮನನ್ನು ಓದಿಗೆ ಹಚ್ಚಬೇಕೆಂದು ಹೊರಟ ನಾನು ಮೊದಲ ಹೆಜ್ಜೆಯಲ್ಲೇ ಎಡವಿದೆ. ನನಗೆ ಬಹಳ ಇಷ್ಟವಾದ ತೇಜಸ್ವಿಯವರ ‘ಕರ್ವಾಲೋ’ ಕೊಟ್ಟೆ. 1980ರಲ್ಲಿ ಬಂದ ಕಾದಂಬರಿ. ವಿಜ್ಞಾನಿ ಕರ್ವಾಲೋ, ಹಳ್ಳಿಯ ಮಂದಣ್ಣ, ಪ್ಯಾರ, ಕಿವಿ ಎಂಬ ನಾಯಿ ಎಲ್ಲರೂ ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ನುಗ್ಗುತ್ತಾರೆ. ಇದಕ್ಕಿಂತ ಒಳ್ಳೆಯ ಸಾಹಸ ಬೇಕೆ ಎಂದುಕೊಂಡಿದ್ದೆ. ಎರಡು ದಿನ ಬಿಟ್ಟು ನೋಡಿದರೆ ಪುಸ್ತಕ ಕಿಟಕಿಗೆ ಒತ್ತುಕೊಟ್ಟುಕೊಂಡು ಕೂತಿತ್ತು! ಹತ್ತು ಪುಟವೂ ಆಗಿರಲಿಲ್ಲ. ತಪ್ಪು ಅವನದಲ್ಲ. ನಾನು ನಿಂತ ಮೆಟ್ಟಿಲಿನ ಪುಸ್ತಕವನ್ನು ಅವನ ಮೆಟ್ಟಿಲಿಗೆ ಎಸೆದಿದ್ದೆ.

ಉತ್ತರ ಸಿಕ್ಕಿದ್ದು ಪಾವಗಡದ ಅಜ್ಜಿ ಮನೆಯಲ್ಲಿ. ಅತ್ತ ಆಂಧ್ರದ ಗಡಿ. ಮನೆಯಲ್ಲಿ ಅರ್ಧ ಕನ್ನಡ, ಅರ್ಧ ತೆಲುಗು. ಅಜ್ಜಿಯ ಟ್ರಂಕಿನಲ್ಲಿ ಎರಡೂ ಭಾಷೆಯ ಹಳೆಯ ‘ಚಂದಮಾಮ’ಗಳಿದ್ದವು. ಕನ್ನಡದಲ್ಲಿ ಇದು 1949ರಿಂದ ಬಂದ ಪತ್ರಿಕೆ. ಹೆಗಲ ಮೇಲೆ ಹೆಣ ಹೊತ್ತು ಕತ್ತಿ ಹಿಡಿದು ನಡೆಯುವ ವಿಕ್ರಮನನ್ನು ಶಂಕರ್ ಬರೆದ ಚಿತ್ರದಲ್ಲಿ ನೋಡಿದ ತಮ್ಮ, ‘ಹೆಣ ಯಾಕೆ ಹೊತ್ತಿದ್ದಾನೆ?’ ಎಂದ. ನಾನು ಹೇಳಲಿಲ್ಲ. ಅಜ್ಜಿಯೂ ಹೇಳಲಿಲ್ಲ. ಕೊನೆಗೆ ತಾನೇ ಓದಿದ. ಚಿತ್ರ ಕೇಳಿದ ಪ್ರಶ್ನೆಗೆ ಉತ್ತರ ಅಕ್ಷರದಲ್ಲಿದೆ ಎಂದು ಗೊತ್ತಾದರೆ ಒತ್ತಕ್ಷರವನ್ನೂ ದಾಟುತ್ತಾರೆ ಮಕ್ಕಳು.

ಹಾಗಾಗಿ ನನ್ನ ಮೊದಲ ಶಿಫಾರಸು ಚಿತ್ರಕತೆಗಳು. ಚಿತ್ರ ಇರುವ ಪುಸ್ತಕ ಚಿಕ್ಕ ಮಕ್ಕಳಿಗೆ ಎಂದು ಮೂಗು ಮುರಿಯಬೇಡಿ. ‘ಅಮರ ಚಿತ್ರ ಕಥೆ’ಯನ್ನು ಕಟ್ಟಿ ಬೆಳೆಸಿದ ಅನಂತ ಪೈ ಹುಟ್ಟಿದ್ದು ನಮ್ಮ ಕಾರ್ಕಳದಲ್ಲಿ. ಆ ಮಾಲೆಯ ಮೊದಲ ಹತ್ತು ಪುಸ್ತಕಗಳು ಬಂದಿದ್ದೂ ಕನ್ನಡದಲ್ಲೇ. ಫೋನ್ ಬಿಡದ ಮಕ್ಕಳಿದ್ದರೆ ಪ್ರಥಮ್ ಬುಕ್ಸ್‌ನವರ ‘ಸ್ಟೋರಿವೀವರ್’ ತೆರೆದುಕೊಡಿ. ಪುಟ ತುಂಬ ಚಿತ್ರವಿರುವ ಕನ್ನಡ ಕತೆಗಳು ಉಚಿತವಾಗಿ ಸಿಗುತ್ತವೆ.

ಎರಡನೇ ಮೆಟ್ಟಿಲು ಬೇಟೆಯ ಕತೆಗಳು. ಕೆನೆತ್ ಆಂಡರ್ಸನ್ ಕತೆಗಳನ್ನು ತೇಜಸ್ವಿ ‘ಕಾಡಿನ ಕತೆಗಳು’ ಹೆಸರಿನಲ್ಲಿ ನಾಲ್ಕು ಭಾಗಗಳಲ್ಲಿ ಕನ್ನಡಕ್ಕೆ ತಂದಿದ್ದಾರೆ. ಅದರಲ್ಲೊಂದು ‘ಜಾಲಹಳ್ಳಿಯ ಕುರ್ಕ’. ಕುರ್ಕ ಎಂದರೆ ಚಿರತೆ. ಬೆಂಗಳೂರಿಗೆ ಹೋಗುವಾಗ ನಮ್ಮ ಬಸ್ಸು ಜಾಲಹಳ್ಳಿ ಕ್ರಾಸ್ ದಾಟಿಯೇ ಹೋಗಬೇಕು. ಈಗ ಅಲ್ಲಿ ಮೆಟ್ರೊ ನಿಲ್ಲುತ್ತದೆ. ‘ಇಲ್ಲಿ ಚಿರತೆ ಇತ್ತಾ?’ ಎಂದು ತಮ್ಮ ಬಾಯಿ ಬಿಟ್ಟ. ಆಂಡರ್ಸನ್ 1954ರಲ್ಲಿ ಪ್ರಕಟಿಸಿದ ಮೊದಲ ಪುಸ್ತಕದಲ್ಲಿ ದೇವರಾಯನದುರ್ಗದ ಹುಲಿಗೇ ಒಂದು ಅಧ್ಯಾಯ ಇದೆ ಎಂದು ಹೇಳಿದೆ. ಕೊರಟಗೆರೆಯಿಂದ ತುಮಕೂರಿಗೆ ಹೋಗುವಾಗ ಕಾಣುವ ಗುಡ್ಡಸಾಲು ಅದು. ಅಂದಿನಿಂದ ಆ ರಸ್ತೆಯಲ್ಲಿ ಅವನಿಗೆ ಕಿಟಕಿ ಪಕ್ಕದ ಸೀಟೇ ಬೇಕು.

ಒಂದು ಸಂಜೆ ಅವನಿಗೆ ಜೋರಾಗಿ ಓದಿ ಹೇಳುತ್ತಿದ್ದೆ. ಬೇಟೆಗಾರ ಮರದ ಮೇಲೆ ಕೂತಿದ್ದಾನೆ, ಕೆಳಗೆ ತರಗೆಲೆ ಸದ್ದಾಗುತ್ತಿದೆ. ಅಷ್ಟರಲ್ಲಿ ಅಮ್ಮ ಕರೆದಳು, ಪುಸ್ತಕ ಮಗುಚಿಟ್ಟು ಹೋದೆ. ಹಿಂತಿರುಗಿದಾಗ ತಮ್ಮ ಓದುತ್ತಿದ್ದ. ತಡವರಿಸುತ್ತಲೇ ಇದ್ದ, ಆದರೆ ನಿಲ್ಲಲಿಲ್ಲ. ನಾನು ಅಡುಗೆಮನೆಗೇ ವಾಪಸ್ ಹೋದೆ.

ಮೂರನೆಯದು ಮಕ್ಕಳಿಗೆಂದೇ ಬರೆದ ಕನ್ನಡ ಕಾದಂಬರಿಗಳು. ಇವು ಇವೆ ಎಂಬುದೇ ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’ಕ್ಕೆ 2021ರಲ್ಲಿ, ತಮ್ಮಣ್ಣ ಬೀಗಾರ ಅವರ ‘ಬಾವಲಿ ಗುಹೆ’ಗೆ 2022ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂದಿದೆ. ಸಿದ್ದರಬೆಟ್ಟದ ಗುಹೆಯೊಳಗೆ ಬಗ್ಗಿ ನಡೆದ ಕೊರಟಗೆರೆ ಹುಡುಗರಿಗೆ ‘ಬಾವಲಿ ಗುಹೆ’ ಎಂಬ ಹೆಸರೇ ಸಾಕು, ಕೈ ತಾನಾಗಿ ಪುಸ್ತಕಕ್ಕೆ ಹೋಗುತ್ತದೆ.

ಪಿಯುಸಿ, ಡಿಗ್ರಿಯ ಗೆಳೆಯರಿಗೆ ಇನ್ನೆರಡು ಹೆಸರು. ಮೊಘಲರ ಸುಬಾ ಕೇಂದ್ರವಾಗಿದ್ದ ಶಿರಾ ಕೋಟೆಯನ್ನು ದಿನಾ ಬಸ್ಸಿನಿಂದ ನೋಡುವವರು ಪಕ್ಕದ ಚಿತ್ರದುರ್ಗದ ಕತೆಯಾದ ತ.ರಾ.ಸು. ಅವರ ‘ದುರ್ಗಾಸ್ತಮಾನ’ ಓದಬೇಕು. ದಪ್ಪ ಪುಸ್ತಕ, ಹೆದರಬೇಡಿ. ಇಂಗ್ಲಿಷಿಗೆ ಹೆದರುವ ನನ್ನಂಥವರು ಜೂಲ್ಸ್ ವರ್ನ್ ಕತೆಗಳ ಚಿತ್ರಸಹಿತ ಸಂಕ್ಷಿಪ್ತ ಆವೃತ್ತಿಯಿಂದ ಶುರು ಮಾಡಬಹುದು. ಸಮುದ್ರದಡಿ ವಿದ್ಯುತ್ತಿನಿಂದ ಓಡುವ ನಾಟಿಲಸ್ ಹಡಗನ್ನು ಆತ ಕಲ್ಪಿಸಿದ್ದು 1870ರ ಹೊತ್ತಿಗೆ. ಪಾವಗಡದ ತಿರುಮಣಿಯಲ್ಲಿ ಸುಮಾರು 13 ಸಾವಿರ ಎಕರೆಯಲ್ಲಿ ಹರಡಿರುವ, 2,050 ಮೆಗಾವಾಟ್‌ನ ಸೌರ ಫಲಕಗಳ ನಡುವೆ ನಿಂತಾಗ ನನಗೆ ನೆನಪಾಗಿದ್ದು ಆ ಹಡಗು. ನಾನು ಮುಗಿಸಿದ ಮೊದಲ ಇಂಗ್ಲಿಷ್ ಪುಸ್ತಕ ಅದೇ. ಆ ಬೇಸಿಗೆಯ ನಂತರ ಬ್ಯಾಕ್ ಉಳಿದಿದ್ದ ವಿಷಯವೂ ಪಾಸಾಯಿತು. ಪುಸ್ತಕದಿಂದಲೇ ಪಾಸಾದೆ ಎನ್ನಲಾರೆ. ಆದರೆ ಪುಟ ನೋಡಿದರೆ ಓಡಿಹೋಗುವುದು ನಿಂತಿತ್ತು.

ಪುಸ್ತಕ ಕೊಳ್ಳಲು ದುಡ್ಡೆಲ್ಲಿ ಎನ್ನುವವರಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯ ಇದೆ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. ಸ್ಪರ್ಧಾತ್ಮಕ ಪರೀಕ್ಷೆಗೆಂದು ಅಲ್ಲಿ ಕೂರುವ ನಮ್ಮ ವಯಸ್ಸಿನವರು ಬರುವಾಗ ಪಕ್ಕದ ಮನೆಯ ಒಂದು ಮಗುವನ್ನೂ ಕರೆತಂದರೆ ಸಾಕು. ಯಾವ ಪುಸ್ತಕ ಎಂದು ಮಗುವೇ ಆರಿಸಲಿ. ಹತ್ತು ಪುಟಕ್ಕೆ ಬೇಜಾರಾದರೆ ಬದಲಿಸಲು ಬಿಡಿ. ಓದಿದ ಮೇಲೆ ಪ್ರಶ್ನೆ ಮಾತ್ರ ಕೇಳಬೇಡಿ, ಅದು ಮತ್ತೆ ಪರೀಕ್ಷೆಯಾಗುತ್ತದೆ.

ರಜೆ ಮುಗಿಯುವ ಮುನ್ನ ಸ್ಟೀವನ್‌ಸನ್ ಎಂಬ ಲೇಖಕನ ಕತೆ ಹೇಳಿದೆ. 1881ರಲ್ಲಿ ಆತ ಮಲಮಗನ ಜೊತೆ ಆಟಕ್ಕೆಂದು ಒಂದು ದ್ವೀಪದ ನಕ್ಷೆ ಬರೆದ, ಅದರಿಂದಲೇ ‘ಟ್ರೆಜರ್ ಐಲೆಂಡ್’ ಹುಟ್ಟಿತು. ಮರುದಿನ ತಮ್ಮ ನೋಟ್‌ಬುಕ್ಕಿನ ನಡುಹಾಳೆ ಕಿತ್ತು ಮಧುಗಿರಿ ಏಕಶಿಲಾ ಬೆಟ್ಟದ ನಕ್ಷೆ ಬರೆದ. ದಿಡ್ಡಿ ಬಾಗಿಲು, ಮೈಸೂರು ಬಾಗಿಲು, ಮೇಲೆ ನಿಧಿಗೆ ಒಂದು ಕೆಂಪು ಗುರುತು. ಹೆಸರುಗಳಲ್ಲಿ ಎರಡು ಒತ್ತಕ್ಷರ ತಪ್ಪಿದ್ದವು. ನಾನು ತಿದ್ದಲಿಲ್ಲ.

ಅವನ ಅಂಕಗಳೇನೂ ಏರಿಲ್ಲ, ಕಿರುಪರೀಕ್ಷೆಯಲ್ಲಿ ಮೊದಲಿನಷ್ಟೇ ಬಂದಿವೆ. ಅಪ್ಪ ಅದನ್ನು ಫೋನಿನಲ್ಲಿ ಹೇಳಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆ ಚಿರತೆ ಪುಸ್ತಕದ ಮುಂದಿನ ಭಾಗ ಇದೆಯಂತಲ್ಲ, ಬರುವಾಗ ತಗೊಂಡು ಬಾ’ ಎಂದರು. ತಮ್ಮ ಕೇಳಿದ್ದೋ ಅಪ್ಪನಿಗೇ ಬೇಕಾಗಿದ್ದೋ ಕೇಳಲಿಲ್ಲ. ಈ ಶನಿವಾರ ಊರಿಗೆ ಹೊರಟಿದ್ದೇನೆ, ಪುಸ್ತಕ ಬ್ಯಾಗಿನಲ್ಲಿದೆ.