ಡ್ರಮ್ಮರ್ ಇಲ್ಲದ ರಾತ್ರಿಗಳು

ಎಲೆಕ್ಟ್ರಿಕ್ ಬೇಸ್ ಗಿಟಾರಿನಲ್ಲಿ ‘ಸ್ಲ್ಯಾಪ್’ ಎಂಬ ವಾದನ ಕ್ರಮವನ್ನು ರೂಢಿಗೆ ತಂದವರು ಯಾರೆಂದು ಕೇಳಿದರೆ ಬೇಸ್ ವಾದಕರು ಹೇಳುವ ಹೆಸರು ಲ್ಯಾರಿ ಗ್ರಹಾಂ. ಆ ಹೆಸರಿನ ಪಕ್ಕದಲ್ಲಿ ಅವರ ತಾಯಿ ಡೆಲ್ ಗ್ರಹಾಂ ಹೆಸರನ್ನೂ ಬರೆಯಬೇಕು ಎನ್ನುವುದು ನನ್ನ ಅಭಿಪ್ರಾಯ. ಆಕೆ ಪಿಯಾನೊ ನುಡಿಸುತ್ತಾ ಹಾಡುತ್ತಿದ್ದ ಕಲಾವಿದೆ. ತಮ್ಮ ಪುಟ್ಟ ತಂಡದ ಬಗ್ಗೆ ಆಕೆ ಕೈಗೊಂಡ ಒಂದು ತೀರ್ಮಾನ ಇಲ್ಲದಿದ್ದರೆ ಮಗನ ಹೆಬ್ಬೆರಳು ಆ ದಾರಿ ಹಿಡಿಯುತ್ತಲೇ ಇರಲಿಲ್ಲ.

ಲ್ಯಾರಿ ಹುಟ್ಟಿದ್ದು 1946ರಲ್ಲಿ, ಟೆಕ್ಸಸ್‌ನಲ್ಲಿ. ಬೆಳೆದದ್ದು ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್‌ನಲ್ಲಿ. ಹದಿಹರೆಯದಲ್ಲೇ ತಾಯಿಯ ಜೊತೆ ಕ್ಲಬ್ಬುಗಳಲ್ಲಿ ಕಾರ್ಯಕ್ರಮ ಕೊಡಲು ಶುರು ಮಾಡಿದರು. ತಾಯಿ ಪಿಯಾನೊ ಮುಂದೆ, ಮಗ ಗಿಟಾರ್ ಹಿಡಿದು, ಜೊತೆಗೊಬ್ಬ ಡ್ರಮ್ಮರ್. ಅವರು ನುಡಿಸುತ್ತಿದ್ದ ಒಂದು ಜಾಗದಲ್ಲಿ ಆರ್ಗನ್ ಇತ್ತು. ಅದರ ಬುಡದಲ್ಲಿ ಕಾಲಿನಿಂದ ಒತ್ತಿ ಮಂದ್ರ ಸ್ವರ ಹೊರಡಿಸುವ ಪೆಡಲುಗಳಿದ್ದವು. ಲ್ಯಾರಿ ಕೈಯಲ್ಲಿ ಗಿಟಾರ್ ನುಡಿಸುತ್ತಲೇ ಕಾಲಲ್ಲಿ ಆ ಪೆಡಲುಗಳನ್ನು ಒತ್ತಲು ಕಲಿತರು. ಮೂವರ ತಂಡದ ನಾದಕ್ಕೆ ತಳ ಸಿಕ್ಕಿತು.

ಒಂದು ದಿನ ಆರ್ಗನ್ ಕೆಟ್ಟಿತು. ತಳದ ಸ್ವರಕ್ಕೆ ಕಿವಿ ಒಗ್ಗಿಹೋಗಿತ್ತು, ಅದಿಲ್ಲದೆ ಹಾಡುಗಳು ಬರಿದೆನಿಸತೊಡಗಿದವು. ರಿಪೇರಿ ಆಗುವವರೆಗೆ ಇರಲೆಂದು ಲ್ಯಾರಿ ಬಾಡಿಗೆಗೆ ಒಂದು ಬೇಸ್ ಗಿಟಾರ್ ತಂದರು. ಆರ್ಗನ್ ಸರಿಯಾಗಲೇ ಇಲ್ಲ.

ಬೇಸ್ ತಾತ್ಕಾಲಿಕ ಎಂದುಕೊಂಡಿದ್ದರಿಂದ ಅದನ್ನು ನುಡಿಸುವ ‘ಸರಿಯಾದ’ ಕ್ರಮವನ್ನು ಅವರು ಕಲಿಯಲು ಹೋಗಲಿಲ್ಲ. ಸರಿಯಾದ ಕ್ರಮ ಎನ್ನುವುದು ಆಗ ಇದ್ದೇ ಇತ್ತು. ಲಿಯೊ ಫೆಂಡರ್ 1951ರಲ್ಲಿ ಮಾರುಕಟ್ಟೆಗೆ ತಂದ ಪ್ರಿಸಿಷನ್ ಬೇಸ್ ಆಳೆತ್ತರದ ಡಬಲ್ ಬೇಸಿನ ಕೆಲಸವನ್ನು ಭುಜಕ್ಕೆ ನೇತುಹಾಕಿಕೊಳ್ಳುವಂತೆ ಮಾಡಿತ್ತು. ತೋರುಬೆರಳು, ನಡುಬೆರಳಿನ ತುದಿಯಿಂದ ಮೃದುವಾಗಿ ಮೀಟುವುದು ವಾಡಿಕೆ, ಇಲ್ಲವೇ ಪಿಕ್ ಹಿಡಿಯುವುದು. ಮೋಟೌನ್ ಸ್ಟುಡಿಯೊದ ಮಹಾನ್ ವಾದಕ ಜೇಮ್ಸ್ ಜೇಮರ್ಸನ್ ಬಲಗೈಯ ಒಂದೇ ತೋರುಬೆರಳಿನಲ್ಲಿ ಚಮತ್ಕಾರ ಮಾಡುತ್ತಿದ್ದರು. ಲಂಡನ್ನಿನಲ್ಲಿ ‘ದಿ ಹೂ’ ತಂಡದ ಜಾನ್ ಎಂಟ್‌ವಿಸಲ್ 1965ರ ‘ಮೈ ಜನರೇಷನ್’ ಹಾಡಿನ ನಡುವೆ ಬೇಸಿನಲ್ಲೇ ಸೋಲೊ ನುಡಿಸಿ, ಹಿಂದೆ ನಿಂತವನೂ ಮುಂದೆ ಬರಬಹುದೆಂದು ತೋರಿಸಿದರು. ಇವರೆಲ್ಲರೂ ತಂತಿಯನ್ನು ಮೀಟಿದವರೇ.

ಆಮೇಲೆ ಬಂತು ಡೆಲ್ ಅವರ ತೀರ್ಮಾನ: ಡ್ರಮ್ಮರ್ ಬೇಡ, ಪಿಯಾನೊ ಮತ್ತು ಬೇಸ್ ಎರಡೇ ಸಾಕು. ಕ್ಲಬ್ಬಿನಲ್ಲಿ ಕೂತ ಜನ ತಲೆದೂಗಬೇಕಾದರೆ ತಾಳ ಬೇಕು, ಆ ತಾಳವೇ ಈಗ ಖಾಲಿ. ಇದನ್ನು ತುಂಬಲು ಲ್ಯಾರಿ ಮಾಡಿದ್ದನ್ನು ಹತ್ತಿರದಿಂದ ನೋಡಬೇಕು. ಡ್ರಮ್ ಸೆಟ್ಟಿನಲ್ಲಿ ಎರಡು ಮುಖ್ಯ ಪೆಟ್ಟುಗಳು: ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್ಮಿನ ‘ಧಂ’, ಕೋಲಿನಿಂದ ಹೊಡೆಯುವ ಸ್ನೇರಿನ ‘ಟಪ್’. ಲ್ಯಾರಿ ಹೆಬ್ಬೆರಳಿನ ಗೆಣ್ಣಿನ ಪಕ್ಕದಿಂದ ದಪ್ಪ ತಂತಿಗೆ ಗುದ್ದಿದರು. ತಂತಿ ಲೋಹದ ಫ್ರೆಟ್ಟಿಗೆ ಬಡಿದು ಸ್ವರದ ಜೊತೆ ಪೆಟ್ಟಿನ ಸದ್ದೂ ಬಂತು, ಅದು ‘ಧಂ’. ತೋರುಬೆರಳನ್ನು ತೆಳು ತಂತಿಯ ಅಡಿಗೆ ತೂರಿಸಿ ಎಳೆದು ಬಿಟ್ಟರು. ತಂತಿ ಚಿಮ್ಮಿ ಮರಳಿ ಹಲಗೆಗೆ ಬಡಿಯಿತು, ಅದು ‘ಟಪ್’. ಸ್ವರ ತಪ್ಪದೆ ತಾಳ ಹಾಕಲು ಒಂದೇ ಕೈ ಸಾಕಾಯಿತು. ಇದನ್ನು ಅವರು ಇಂಗ್ಲಿಷಿನಲ್ಲಿ ‘ಥಂಪಿಂಗ್ ಅಂಡ್ ಪ್ಲಕಿಂಗ್’ ಎಂದು ಕರೆದರು. ‘ಸ್ಲ್ಯಾಪ್’ ಎಂಬ ಹೆಸರು ಆಮೇಲೆ ಅಂಟಿಕೊಂಡಿತು.

ನ್ಯೂ ಆರ್ಲಿಯನ್ಸ್‌ನ ಹಳೆಯ ಜಾಝ್ ವಾದಕರು, ಪಾಪ್ಸ್ ಫಾಸ್ಟರ್ ಮುಂತಾದವರು, ಡಬಲ್ ಬೇಸಿನ ತಂತಿಯನ್ನು ಎಳೆದು ಬಡಿಸುತ್ತಿದ್ದುದೂ ನಿಜ. ಮೈಕು, ಆಂಪ್ಲಿಫೈಯರ್ ಇಲ್ಲದ ಕಾಲದಲ್ಲಿ ಸದ್ದು ಕೇಳಿಸಲು ಅದೊಂದು ಉಪಾಯವೂ ಆಗಿತ್ತು. ಲ್ಯಾರಿಗೆ ಸದ್ದಿನ ಕೊರತೆ ಇರಲಿಲ್ಲ, ಕೊರತೆ ಇದ್ದದ್ದು ತಾಳದ್ದು. ಹೀಗಾಗಿ ಅವರ ಕೈಗೆ ಬಂದದ್ದು ಬೇರೆಯೇ ವಿದ್ಯೆ.

ಅದನ್ನು ಹೊರಜಗತ್ತಿಗೆ ಮುಟ್ಟಿಸಿದ್ದು ಒಬ್ಬ ಅಭಿಮಾನಿ ಮಹಿಳೆ. ಆಕೆ ತಾಯಿ-ಮಗನ ಕಾರ್ಯಕ್ರಮವನ್ನೂ ಕೇಳುತ್ತಿದ್ದಳು, ರೇಡಿಯೊದಲ್ಲಿ ಸ್ಲೈ ಸ್ಟೋನ್ ಎಂಬ ಜಾಕಿಯ ಕಾರ್ಯಕ್ರಮವನ್ನೂ ಕೇಳುತ್ತಿದ್ದಳು. ಈ ಹುಡುಗನ ಬೇಸ್ ಒಮ್ಮೆ ಬಂದು ಕೇಳಿ ಎಂದು ಸ್ಟೇಷನ್ನಿಗೆ ಮೇಲಿಂದ ಮೇಲೆ ಫೋನ್ ಮಾಡಿದಳು. ಸ್ಲೈ ಕೊನೆಗೂ ಬಂದರು, ಕೇಳಿದರು, ತಾವು ಕಟ್ಟುತ್ತಿದ್ದ ತಂಡಕ್ಕೆ ಕರೆದರು. ‘ಸ್ಲೈ ಅಂಡ್ ದಿ ಫ್ಯಾಮಿಲಿ ಸ್ಟೋನ್’ ರೂಪುಗೊಂಡಿತು. ಕರಿಯರು ಬಿಳಿಯರು, ಗಂಡಸರು ಹೆಂಗಸರು ಒಟ್ಟಿಗೆ ನಿಂತು ನುಡಿಸಿದ ತಂಡ ಅದು, 1969ರ ಆಗಸ್ಟಿನಲ್ಲಿ ವುಡ್‌ಸ್ಟಾಕ್ ವೇದಿಕೆಯನ್ನೂ ಹತ್ತಿತು.

ನನಗೆ ಅತ್ಯಂತ ಕುತೂಹಲದ ಘಟ್ಟ ಇದು. ಹೊಸ ತಂಡದಲ್ಲಿ ಗ್ರೆಗ್ ಎರಿಕೊ ಎಂಬ ಒಳ್ಳೆಯ ಡ್ರಮ್ಮರ್ ಇದ್ದರು. ಡ್ರಮ್ಮಿನ ಜಾಗ ತುಂಬಲು ಹುಟ್ಟಿದ ವಾದನಕ್ಕೆ ಡ್ರಮ್ ಇರುವಾಗ ಏನು ಕೆಲಸ? ಲ್ಯಾರಿ ಬೆರಳುಗಳನ್ನು ಹಳೇ ವಾಡಿಕೆಗೆ ತಿರುಗಿಸಿಕೊಳ್ಳಬಹುದಿತ್ತು. ಹಾಗೆ ಮಾಡದೆ ಎರಿಕೊ ಪೆಟ್ಟುಗಳ ನಡುವಿನ ತೆರವನ್ನು ಹುಡುಕಿಕೊಂಡರು. ‘ಎವ್ರಿಡೇ ಪೀಪಲ್’ ಹಾಡಿನಲ್ಲಿ ಅವರು ಆರಂಭದಿಂದ ಕೊನೆಯವರೆಗೆ ಒಂದೇ ಸ್ವರ ಹಿಡಿದಿದ್ದಾರೆ. ಕೇಳುವವನಿಗೆ ಅದು ಒಂದೇ ಸ್ವರವೆಂದು ಹೊಳೆಯುವುದೇ ಇಲ್ಲ, ಲಯವೇ ಹಾಡನ್ನು ಎಳೆದೊಯ್ಯುತ್ತದೆ. 1969ರ ಕೊನೆಯಲ್ಲಿ ಬಂದ ‘ಥ್ಯಾಂಕ್ ಯು’ ಹಾಡಿನಲ್ಲಂತೂ ಬೇಸ್ ಮುಂದೆ ಬಂದು ನಿಂತಿದೆ: ಹೆಬ್ಬೆರಳು ಕೆಳಗಿನ ಸ್ವರಕ್ಕೆ ಗುದ್ದಿ, ತೋರುಬೆರಳು ಮೇಲಿನದನ್ನು ಚಿಮ್ಮಿಸುತ್ತದೆ, ನಡುವೆ ಮೌನ. ಅದು 1970ರ ಫೆಬ್ರವರಿಯಲ್ಲಿ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು.

ಮುಂದಿನದು ವೇಗವಾಗಿ ನಡೆಯಿತು. ಲ್ಯಾರಿ 1972ರಲ್ಲಿ ತಂಡ ಬಿಟ್ಟು ‘ಗ್ರಹಾಂ ಸೆಂಟ್ರಲ್ ಸ್ಟೇಷನ್’ ಕಟ್ಟಿದರು. ಸ್ಟಾನ್ಲಿ ಕ್ಲಾರ್ಕ್ 1976ರ ‘ಸ್ಕೂಲ್ ಡೇಸ್’ ಆಲ್ಬಂ ಹೊತ್ತಿಗೆ ಈ ಹೊಡೆತವನ್ನು ಜಾಝಿಗೂ ಒಗ್ಗಿಸಿದ್ದರು. ಲೂಯಿ ಜಾನ್ಸನ್ ಮೈಕೆಲ್ ಜಾಕ್ಸನ್ನರ 1979ರ ‘ಆಫ್ ದಿ ವಾಲ್’ಗೆ ಬೇಸ್ ನುಡಿಸಿದರು. ಮಾರ್ಕಸ್ ಮಿಲ್ಲರ್ ಈ ವಾದನಕ್ಕೆ ಹೊಳಪು ಕೊಟ್ಟರು. ವಿಕ್ಟರ್ ವೂಟನ್ ಹೆಬ್ಬೆರಳನ್ನು ಕೆಳಕ್ಕಷ್ಟೇ ಅಲ್ಲ, ಮೇಲಕ್ಕೂ ಹೊಡೆದು ಒಂದು ಚಲನೆಯಲ್ಲಿ ಎರಡು ಸ್ವರ ತೆಗೆದರು. ರೆಡ್ ಹಾಟ್ ಚಿಲಿ ಪೆಪ್ಪರ್ಸ್‌ನ ಫ್ಲೀ ಮೂಲಕ ಇದು ರಾಕ್ ಕೇಳುವ ಹುಡುಗರಿಗೂ ತಲುಪಿತು.

ಇವರಲ್ಲಿ ಹಲವರ ಸೋಲೊಗಳು ಬೆರಗು ಹುಟ್ಟಿಸುತ್ತವೆ, ವೇಗದಲ್ಲಿ ಲ್ಯಾರಿಯನ್ನು ಮೀರಿಸುತ್ತವೆ. ಆದರೂ ಹೊಸದಾಗಿ ಬೇಸ್ ಹಿಡಿದವರಿಗೆ ನಾನು ಮೊದಲು ಕೇಳಿ ಎನ್ನುವುದು ‘ಥ್ಯಾಂಕ್ ಯು’ ಹಾಡನ್ನೇ. ಮೊದಲ ಸಲ ಎರಿಕೊ ಡ್ರಮ್ಮಿನ ಮೇಲಷ್ಟೇ ಗಮನವಿಟ್ಟು, ಎರಡನೇ ಸಲ ಬೇಸಿನ ಮೇಲೆ, ಮೂರನೇ ಸಲ ಎರಡನ್ನೂ ಕೂಡಿಸಿ ಕೇಳಬೇಕು. ಯಾವ ಪೆಟ್ಟು ಯಾರದೆಂದು ಆಗ ಸ್ಪಷ್ಟವಾಗುತ್ತದೆ, ಲ್ಯಾರಿ ಎಲ್ಲೆಲ್ಲಿ ಕೈ ತಡೆದಿದ್ದಾರೆ ಎನ್ನುವುದೂ.