ಕಡೆಯ ಸರದಿಯವನು
ಅಮೇರಿಕದ ಬಾಸ್ಕೆಟ್‌ಬಾಲ್ ತಂಡಗಳು ಪ್ರತಿವರ್ಷವೂ ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪದ್ಧತಿಯುಂಟು. ಮೊದಲ ಸರದಿಯವರಿಗೆ ಜಯಘೋಷ, ಕಡೆಯ ಸರದಿಯವನ ಹೆಸರು ಕೇಳಿದೊಡನೆ "ಇವನಾರು?" ಎಂದು ತಂಡದ ಅಭಿಮಾನಿಗಳೇ ಮೂಗು ಮುರಿಯುವರು.

2014ರಲ್ಲಿ ಡೆನ್ವರ್ ನಗೆಟ್ಸ್ ತಂಡವು ಸರ್ಬಿಯಾದ ನಿಕೋಲಾ ಯೋಕಿಚ್‌ನನ್ನು 41ನೆಯವನಾಗಿ ಆರಿಸಿದಾಗ ಟೆಲಿವಿಷನ್ನಿನಲ್ಲಿ ತಿಂಡಿಯ ಜಾಹೀರಾತು ನಡೆಯುತ್ತಿದ್ದಿತು. ಆತನೇ 2021, 2022, 2024ರಲ್ಲಿ ವರ್ಷದ ಶ್ರೇಷ್ಠ ಆಟಗಾರನೆನಿಸಿ, 2023ರಲ್ಲಿ ತಂಡಕ್ಕೆ ಪ್ರಪ್ರಥಮ ಎನ್‌ಬಿಎ ಕಿರೀಟವನ್ನು ತಂದಿತ್ತನು.

ಹಾಗೆಂದು ಕಡೆಯವರೆಲ್ಲರೂ ಯೋಕಿಚ್ಚರಾಗರು. 2015ರಲ್ಲಿ ಡಲ್ಲಾಸ್ ತಂಡವು 52ನೆಯವನಾಗಿ ಪಂಜಾಬಿನ ಸತ್ನಾಮ್ ಸಿಂಗರನ್ನು ಆರಿಸಿತು. ಆ ಮಾನ ಪಡೆದ ಮೊದಲ ಭಾರತೀಯರೆಂದು ನಾವು ಹಿಗ್ಗಿದೆವು. ಎನ್‌ಬಿಎ ಪಂದ್ಯವೊಂದನ್ನೂ ಅವರು ಆಡಲಾಗಲಿಲ್ಲ.

ಬೀಜ ಬಿತ್ತಿದ ದಿನವೇ ಬೆಳೆಯನ್ನು ಹೊಗಳುವುದೂ ತೆಗಳುವುದೂ ಒಕ್ಕಲಿಗನ ವಿವೇಕವಲ್ಲ. ಆ ದಿನ ತರುಣನಿಗೆ ಸಲ್ಲತಕ್ಕುದು ಜಯಕಾರವೂ ಅಲ್ಲ, ಧಿಕ್ಕಾರವೂ ಅಲ್ಲ. ಆಡಲು ಅವಕಾಶ, ಬೆಳೆಯಲು ಕಾಲ.